ಚಾರಣಕ್ಕೆ ಹೊರಟ ಹಿರಿಯರನ್ನು ನಾನು ಅಳೆದ ಬಗೆ

ಸ್ಕೌಟ್ ದಳದ ಮಕ್ಕಳೊಂದಿಗೆ ಚಾರಣ ಶಿಬಿರಕ್ಕೆ ಹೊರಡುವ ಹಿರಿಯ ಸ್ವಯಂಸೇವಕರಲ್ಲಿ ಯಾರು ಬೆಟ್ಟ ಹತ್ತಬಹುದು, ಯಾರು ಕೆಳಗೇ ಉಳಿಯಬೇಕು ಎಂದು ತೀರ್ಮಾನಿಸುವ ಕೆಲಸ ನನ್ನ ಪಾಲಿಗೆ ಬಂದು ಹಲವು ವರ್ಷಗಳಾದವು. ನಾನು ವೈದ್ಯನಲ್ಲ, ವ್ಯಾಯಾಮ ಶಿಕ್ಷಕನೂ ಅಲ್ಲ; ಬೇರೆ ಯಾರೂ ಒಪ್ಪಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಒಪ್ಪಿಕೊಂಡವನು. ಮಕ್ಕಳ ಆರೋಗ್ಯದ ಬಗ್ಗೆ ಹತ್ತು ಪ್ರಶ್ನೆ ಕೇಳಲು ಯಾರಿಗೂ ಸಂಕೋಚವಿರುವುದಿಲ್ಲ. ಆದರೆ ರಜೆ ಹಾಕಿ, ಕೈಯಿಂದ ಖರ್ಚು ಮಾಡಿಕೊಂಡು, ಸಂಬಳವಿಲ್ಲದೆ ದುಡಿಯಲು ಮುಂದೆ ಬಂದ ವ್ಯಕ್ತಿಗೆ "ನಿಮ್ಮಿಂದ ಆಗಲಾರದು" ಎಂದು ಹೇಳುವುದು ಕಷ್ಟ, ಹಾಗಾಗಿ ಹಿರಿಯರನ್ನು ಪರೀಕ್ಷಿಸುವ ಕೆಲಸವನ್ನು ನಮ್ಮಲ್ಲಿ ಎಲ್ಲರೂ ನಯವಾಗಿ ಮುಂದೂಡುತ್ತಲೇ ಬಂದಿದ್ದರು.

ಮೊದಲ ವರ್ಷ ನಾನು ಸುಲಭದ ದಾರಿ ಹಿಡಿದೆ. ಒಂದು ತೂಕದ ಯಂತ್ರ, ಒಂದು ಅಳತೆ ಪಟ್ಟಿ, ಗೋಡೆಗೆ ಅಂಟಿಸಿದ ಬಿಎಂಐ ಕೋಷ್ಟಕ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ; 92 ಕಿಲೋ ತೂಗುವ, 170 ಸೆಂಟಿಮೀಟರ್ ಎತ್ತರದ ಸ್ವಯಂಸೇವಕರೊಬ್ಬರಿಗೆ ಅದು 31.8 ಬಂತು. 30 ದಾಟಿದರೆ ಬೊಜ್ಜು ಎಂದು ಕೋಷ್ಟಕ ಹೇಳುತ್ತಿತ್ತು, ನಾನೂ ಹೇಳಿಬಿಟ್ಟೆ, ಅದೂ ನಾಲ್ಕು ಜನರ ಎದುರಿಗೆ. ಅವರು ಮರುಮಾತಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು, ಮತ್ತೆ ನಮ್ಮ ಯಾವ ಶಿಬಿರಕ್ಕೂ ಬರಲಿಲ್ಲ. ದಿನಕ್ಕೆ ಎಷ್ಟು ನಡೆಯುತ್ತೀರಿ ಎಂಬ ಒಂದು ಪ್ರಶ್ನೆಯನ್ನೂ ನಾನು ಅವರಿಗೆ ಕೇಳಿರಲಿಲ್ಲ. ಬಿಎಂಐ ಲೆಕ್ಕದ ಮೂಲ 19ನೇ ಶತಮಾನದ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕೆಟಲೆಯವರದು. ಅವರು ಹುಡುಕುತ್ತಿದ್ದದ್ದು ಜನಸಮುದಾಯದ ಸರಾಸರಿ ಮನುಷ್ಯನನ್ನೇ ಹೊರತು, ಒಬ್ಬ ವ್ಯಕ್ತಿ ಬೆನ್ನಿಗೆ ಹೊರೆ ಏರಿಸಿಕೊಂಡು ಏರುದಾರಿ ಹತ್ತಬಲ್ಲನೇ ಎಂಬುದನ್ನಲ್ಲ. ಇದನ್ನು ನಾನು ತಿಳಿದುಕೊಂಡದ್ದು ಒಬ್ಬ ಒಳ್ಳೆಯ ಕಾರ್ಯಕರ್ತರನ್ನು ಕಳೆದುಕೊಂಡ ಮೇಲೆ.

ಹಾಗೆಂದು ತೂಕವನ್ನು ಲೆಕ್ಕದಿಂದ ಪೂರ್ತಿ ಬಿಡುವ ಹಾಗೂ ಇಲ್ಲ. ಒಂದು ತರಬೇತಿಯಲ್ಲಿ ನಾವು 80 ಕಿಲೋ ತೂಗುವ ಒಬ್ಬರನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಆರು ಜನ ಸೇರಿ, ಕಲ್ಲುಗಳಿದ್ದ ಇಳಿಜಾರಿನಲ್ಲಿ ಹೊತ್ತು ನೋಡಿದೆವು. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಕೈ ಬದಲಿಸಲು ಮೂರು ಸಲ ನಿಂತೆವು, ಕಾಲುದಾರಿ ಕಿರಿದಾದ ಕಡೆ ಇಬ್ಬರು ಪಕ್ಕದ ಪೊದೆಯೊಳಗೇ ನಡೆಯಬೇಕಾಯಿತು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಫಿಲ್ಮಾಂಟ್ ಸ್ಕೌಟ್ ರಾಂಚ್ ಎಂಬ ಚಾರಣ ಕೇಂದ್ರ 295 ಪೌಂಡ್, ಎಂದರೆ ಸುಮಾರು 134 ಕಿಲೋ ಮೀರಿದ ಯಾರನ್ನೂ ಚಾರಣಕ್ಕೆ ಸೇರಿಸಿಕೊಳ್ಳದಿರಲು ಕೊಡುವ ಕಾರಣವೂ ರಕ್ಷಣಾ ಸಲಕರಣೆಗಳ ಮಿತಿ ಮತ್ತು ದುರ್ಗಮ ಜಾಗದಿಂದ ಹೊತ್ತು ತರುವ ಕಷ್ಟವೇ. ಅಲ್ಲಿನ ಸ್ಕೌಟ್ ಸಂಸ್ಥೆ ಎತ್ತರಕ್ಕೆ ತಕ್ಕ ತೂಕದ ಮಿತಿಯನ್ನು ಹಾಕಿರುವುದೂ ತುರ್ತು ವಾಹನ ತಲುಪುವ ರಸ್ತೆಯಿಂದ 30 ನಿಮಿಷಕ್ಕಿಂತ ದೂರ ಹೋಗುವವರಿಗೆ. ತೂಕವನ್ನು ಎಲ್ಲಿ ಕೇಳಬೇಕು, ಏಕೆ ಕೇಳಬೇಕು ಎಂಬುದು ನನಗೆ ಹೊಳೆದದ್ದು ಇದರಿಂದ: ಅದು ನಡೆಯುವ ಶಕ್ತಿಯ ಅಳತೆಯಲ್ಲ, ಬಿದ್ದರೆ ಹೊರುವವರ ಮೇಲೆ ಬೀಳುವ ಭಾರದ ಅಳತೆ.

ಆಮೇಲೆ ಕೋಷ್ಟಕವನ್ನು ಗೋಡೆಯಿಂದ ತೆಗೆದು, ಬೆಟ್ಟದ ಮೇಲೆ ಹಿರಿಯರು ನಿಜವಾಗಿ ಮಾಡಬೇಕಾದ ಕೆಲಸಗಳೇನು ಎಂದು ಬರೆಯಲು ಕುಳಿತೆ. ಮಕ್ಕಳ ಜೊತೆ ಯಾವಾಗಲೂ ಕನಿಷ್ಠ ಇಬ್ಬರು ಹಿರಿಯರು ಇರಬೇಕೆಂಬುದು ನಾವು ಪಾಲಿಸುವ ನಿಯಮ. ಮೂವರು ಹೋದಲ್ಲಿ ಒಬ್ಬರು ಕುಸಿದರೆ, ಇನ್ನೊಬ್ಬರು ಅವರ ಬಳಿ ಕೂರಬೇಕು; ಮಕ್ಕಳ ಪಾಲಿಗೆ ಉಳಿಯುವವರು ಒಬ್ಬರೇ. ಆದ್ದರಿಂದ ನಾಲ್ವರಿಗೆ ಕಡಿಮೆ ಹೋಗುವಂತಿಲ್ಲ, ಆ ನಾಲ್ವರಲ್ಲಿ ಯಾರೇ ಆದರೂ ತಮ್ಮ ಚೀಲದ ಜೊತೆಗೆ ಸುಸ್ತಾದ ಮಗುವಿನ ಚೀಲವನ್ನೂ ಸ್ವಲ್ಪ ದೂರ ಹೊರಬಲ್ಲವರಾಗಿರಬೇಕು, ಮತ್ತು ಕತ್ತಲಾಗುವ ಮುನ್ನ ಬಂದ ದಾರಿಯಲ್ಲೇ ಬೇಗ ಹಿಂದಿರುಗಿ ಸಹಾಯ ಕರೆತರಬಲ್ಲವರಾಗಿರಬೇಕು. ಇಷ್ಟನ್ನು ಬರೆದ ಮೇಲೆ ಪರೀಕ್ಷೆ ಹೇಗಿರಬೇಕೆಂಬುದು ತಾನಾಗಿ ಸ್ಪಷ್ಟವಾಯಿತು.

ಶಿಬಿರಕ್ಕೆ ಆರು ವಾರ ಮೊದಲು ಎಲ್ಲರೂ 10 ಕಿಲೋ ಚೀಲ ಹೊತ್ತು 8 ಕಿಲೋಮೀಟರ್ ನಡೆಯುತ್ತೇವೆ; ದಾರಿಯಲ್ಲಿ ಒಟ್ಟು 300 ಮೀಟರ್ ಏರು ಇರುವಂತೆ ನೋಡಿಕೊಳ್ಳುತ್ತೇನೆ. ಸಮಯ ಗೊತ್ತುಮಾಡಲು ನಾನು ಬಳಸುವುದು 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಹೇಳಿದ ಹಳೆಯ ಸೂತ್ರವನ್ನು. ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಇಟ್ಟುಕೊಂಡರೆ ನಮ್ಮ ದಾರಿಗೆ 2 ಗಂಟೆ 6 ನಿಮಿಷವಾಗುತ್ತದೆ. ಹೊರೆ ಇದೆ, ಹೆಚ್ಚಿನವರು ನಲವತ್ತು ದಾಟಿದವರು ಎಂದು ನಾನು 2 ಗಂಟೆ 45 ನಿಮಿಷ ಕೊಡುತ್ತೇನೆ. ಮಕ್ಕಳ ಜೊತೆ ಯಾರೂ ಅದಕ್ಕಿಂತ ವೇಗವಾಗಿ ನಡೆಯುವುದಿಲ್ಲವಾದ್ದರಿಂದ ಮೊದಲು ಮುಟ್ಟಿದವರಿಗೆ ನನ್ನಲ್ಲಿ ಯಾವ ಹೊಗಳಿಕೆಯೂ ಇಲ್ಲ.

ನಾಡಿ ನೋಡುವ ವಿಷಯದಲ್ಲಿ ನಾನು ಮೋಸ ಹೋದದ್ದುಂಟು. ಮೊದಮೊದಲು ಏರಿನ ತುದಿಯಲ್ಲಿ ಗಡಿಯಾರ ಹಿಡಿದು ನಿಂತು ಪ್ರತಿಯೊಬ್ಬರ ಮಣಿಕಟ್ಟು ಹಿಡಿಯುತ್ತಿದ್ದೆ. ಎಲ್ಲರದೂ 140, 150 ಎಂದು ಓಡುತ್ತಿದ್ದಾಗ ಐವತ್ತೈದು ದಾಟಿದ ಒಬ್ಬರದು ಮಾತ್ರ 96 ಇತ್ತು. ನಾನು ಬೆರಗಾಗಿ "ಏನ್ ಸಾರ್, ಹುಡುಗರನ್ನೂ ಮೀರಿಸಿದಿರಲ್ಲ" ಎಂದೆ. ಅವರು ನಗಲಿಲ್ಲ, ಚೀಲ ಇಳಿಸಿ, ಎರಡೂ ಕೈಗಳನ್ನು ತೊಡೆಯ ಮೇಲೆ ಊರಿಕೊಂಡು, ಒಂದು ಪೂರ್ತಿ ವಾಕ್ಯ ಹೇಳಲಾಗದೆ ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. ತುಟಿಯ ಸುತ್ತ ಬಣ್ಣ ಇಳಿದಿತ್ತು. ಅಂದು ಸಂಜೆ ಫೋನಿನಲ್ಲಿ ಗೊತ್ತಾಯಿತು, ಅವರು ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಆ ಔಷಧವೇ ಹೃದಯದ ಬಡಿತ ಏರದಂತೆ ತಡೆಯುತ್ತದೆ. ಅವರಿಗೆ ಮುಚ್ಚಿಡುವ ಉದ್ದೇಶವಿರಲಿಲ್ಲ. ನನ್ನ ಅರ್ಜಿಯಲ್ಲಿ "ಕಾಯಿಲೆ ಏನಾದರೂ ಇದೆಯೇ" ಎಂದಿತ್ತು, ಮಾತ್ರೆ ತೆಗೆದುಕೊಂಡರೆ ಹತೋಟಿಯಲ್ಲಿರುವ ಬಿಪಿಯನ್ನು ಕಾಯಿಲೆ ಎಂದು ಅವರು ಎಣಿಸಿರಲಿಲ್ಲ, ಅಷ್ಟೆ. ಅಂದಿನಿಂದ ಅರ್ಜಿಯಲ್ಲಿ ಕಾಯಿಲೆಯ ಹೆಸರಿಗಿಂತ ಮೊದಲು ದಿನವೂ ನುಂಗುವ ಮಾತ್ರೆಗಳ ಹೆಸರು ಕೇಳುತ್ತೇನೆ. ಏರಿನಲ್ಲಿ ಅಳೆಯುವುದು ನಾಡಿಯನ್ನಲ್ಲ, ಮಾತನ್ನು: ನಡೆಯುತ್ತಲೇ ಸ್ಕೌಟ್ ಪ್ರತಿಜ್ಞೆಯನ್ನು ತಡವರಿಸದೆ ಹೇಳಿದರೆ ಸಾಕು.

ನಡಿಗೆ ಮುಗಿದ ಮೇಲೆ, ಚಹಾ ಕುಡಿಯುವ ಮೊದಲು, ಪ್ರತಿಯೊಬ್ಬರೂ ನೆಲಕ್ಕೆ ಮಂಡಿಯೂರಿ ತರಬೇತಿಯ ಬೊಂಬೆಗೆ ಎರಡು ನಿಮಿಷ ಸಿಪಿಆರ್, ಎಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ, ಕೊಡಬೇಕು. ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಎದೆ ಒತ್ತುವುದು ಆಯಾಸಗೊಂಡ ದೇಹಕ್ಕೆ ಸಣ್ಣ ಕೆಲಸವಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ ಎಂದು ತರಬೇತಿಯಲ್ಲಿ ಹೇಳುವುದು ಅದಕ್ಕೇ. ಇಲ್ಲಿ ಸೋತವರಲ್ಲಿ ನಾನೂ ಒಬ್ಬ. ಒತ್ತುವುದನ್ನು ಮುಗಿಸಿದೆನಾದರೂ ಬಲ ಮಂಡಿ ಹಿಡಿದುಕೊಂಡು ಮೇಲೇಳಲು ಪಕ್ಕದವರ ಭುಜ ಹಿಡಿಯಬೇಕಾಯಿತು. ನನ್ನ ಹೆಸರಿನ ಮುಂದೆ ಏನು ಬರೆಯಬೇಕೆಂಬುದನ್ನು ನಾನೇ ತೀರ್ಮಾನಿಸುವುದು ಸರಿಯಲ್ಲವೆಂದು ಪುಸ್ತಕವನ್ನು ದಳದ ಕಿರಿಯ ನಾಯಕಿಯೊಬ್ಬರ ಕೈಗೆ ಕೊಟ್ಟೆ. "ಈ ಸಲ ನೀವು ಕೆಳಗಿನ ಶಿಬಿರ ನೋಡಿಕೊಳ್ಳಿ ಸಾರ್" ಎಂದು ಅವರು ಬರೆದೇಬಿಟ್ಟರು. ಬೇಸರವಾಯಿತು, ವಾದಿಸಲಿಲ್ಲ.

ಇವೆಲ್ಲದರ ಮೇಲೆ ವೈದ್ಯರ ಒಪ್ಪಿಗೆ ಬೇಕೇ ಬೇಕು, ಆದರೆ "ಆರೋಗ್ಯವಾಗಿದ್ದಾರೆ" ಎಂಬ ಒಂದು ಸಾಲಿನ ಚೀಟಿಯಿಂದ ನನಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ದಿನಕ್ಕೆ ಎಷ್ಟು ಗಂಟೆ ನಡಿಗೆ, ಎಷ್ಟು ಹೊರೆ, ಎಷ್ಟು ಎತ್ತರ, ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಬರೆದ ಅರ್ಧ ಪುಟವನ್ನು ಸ್ವಯಂಸೇವಕರ ಕೈಯಲ್ಲೇ ವೈದ್ಯರಿಗೆ ಕಳಿಸುತ್ತೇನೆ. ಅದನ್ನು ಓದಿದ ವೈದ್ಯರು ಕೆಲವರಿಗೆ ಇಸಿಜಿ ಮಾಡಿಸಿಯೇ ಸಹಿ ಹಾಕಿದ್ದಾರೆ, ಒಬ್ಬರಿಗೆ ಸಹಿ ನಿರಾಕರಿಸಿಯೂ ಇದ್ದಾರೆ. ವೈದ್ಯರು ಬೇಡವೆಂದ ಮೇಲೆ ನನ್ನ ನಡಿಗೆಯಲ್ಲಿ ಎಷ್ಟೇ ಚೆನ್ನಾಗಿ ನಡೆದಿದ್ದರೂ ಮಾತು ಅಲ್ಲಿಗೇ ಮುಗಿಯಿತು.

ಫಲಿತಾಂಶವನ್ನು ಈಗ ಒಬ್ಬೊಬ್ಬರಿಗೇ, ಪ್ರತ್ಯೇಕವಾಗಿ, ಕುಳಿತು ಹೇಳುತ್ತೇನೆ. ಸಮಯ ಮೀರಿದವರಿಗೆ ವಾರಕ್ಕೆ ನಾಲ್ಕು ದಿನ ನಡಿಗೆ, ಅದರಲ್ಲಿ ಒಂದು ದಿನ ಚೀಲದೊಂದಿಗೆ, ಎಂದು ಹೇಳಿ ನಾಲ್ಕು ವಾರಗಳ ನಂತರ ಮತ್ತೆ ಕರೆಯುತ್ತೇನೆ. ಕಳೆದ ಬಾರಿ ಹಾಗೆ ಬಂದ ಮೂವರಲ್ಲಿ ಇಬ್ಬರು ಮೇಲೆ ಹೋದರು. ಮೂರನೆಯವರು ನನ್ನ ಜೊತೆ ಕೆಳಗುಳಿದು ವಾಹನ, ಅಡುಗೆ ಸಾಮಾನು ಮತ್ತು ಫೋನ್ ನೋಡಿಕೊಂಡರು. ಮಾತ್ರೆಗಳ ವಿವರವಿರುವ ಅರ್ಜಿಗಳು ಹೆಸರು ಬರೆದ ಮುಚ್ಚಿದ ಲಕೋಟೆಗಳಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ತಳದಲ್ಲಿ ಇರುತ್ತವೆ, ಅಗತ್ಯ ಬಿದ್ದರಷ್ಟೇ ಒಡೆಯುತ್ತೇವೆ, ಶಿಬಿರ ಮುಗಿದ ದಿನ ಅವರವರ ಕೈಗೇ ಹಿಂದಿರುಗಿಸುತ್ತೇವೆ. ಈ ಸಲ ಒಂದನ್ನೂ ಒಡೆಯಬೇಕಾಗಲಿಲ್ಲ.