ಪಾಯ ತೋಡಿಸುವ ಮುಂಚೆ ಈ ಲೆಕ್ಕ ನೋಡಿ

ಮನೆ ಕಟ್ಟಿಸಲು ಹೊರಟವರು ಮೊದಲು ಕೇಳುವುದೇ ಚದರಡಿ ರೇಟು. ಅದೊಂದನ್ನೇ ನಂಬಬೇಡಿ. ಸಂಪು, ಕಾಂಪೌಂಡು, ಗೇಟು, ಬೋರ್‌ವೆಲ್, ಪ್ಲ್ಯಾನ್ ಮಂಜೂರಾತಿ ಶುಲ್ಕ ಇವೆಲ್ಲ ಎಷ್ಟೋ ಸಲ ಅದರಲ್ಲಿ ಸೇರಿರುವುದಿಲ್ಲ. ಏನು ಸೇರಿದೆ, ಏನಿಲ್ಲ ಅಂತ ಕಂಟ್ರಾಕ್ಟರ್ ಹತ್ತಿರ ಬರೆಸಿಕೊಳ್ಳಿ, ಸಿಮೆಂಟು, ಕಬ್ಬಿಣದ ಬ್ರ್ಯಾಂಡ್ ಸಮೇತ. ಬಾಲ್ಕನಿಯ ಚದರಡಿ ಪೂರ್ತಿ ಹಿಡಿಯುತ್ತಾರಾ, ಅರ್ಧವಾ ಅಂತಲೂ ಕೇಳಿ. ಜಗಳ ಶುರುವಾಗುವುದೇ ಅಲ್ಲಿ!

30x40 ಸೈಟು ಅಂದರೆ 1200 ಚದರಡಿ ನಿಜ, ಆದರೆ ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಖಾಲಿ ಜಾಗ, ಬಿಡಬೇಕಲ್ವಾ? ಉಳಿದದ್ದರಲ್ಲಿ ನಿಮಗೆ ಬೇಕಾದ ರೂಮುಗಳು ಕೂರುತ್ತವಾ ನೋಡಿ.

ಎರೆಮಣ್ಣಿನ ಜಾಗವಾದರೆ ಮಣ್ಣಿನ ಪರೀಕ್ಷೆ ಮಾಡಿಸಿ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯಕ್ಕೇ ಜಾಸ್ತಿ ಖರ್ಚು ಬೀಳುತ್ತದೆ. ಬ್ಯಾಂಕು ಸಾಲವನ್ನು ಕೆಲಸ ಆದಂತೆಲ್ಲ ಕಂತಿನಲ್ಲಿ ಕೊಡುತ್ತದೆ, ಹಾಗಾಗಿ ಶುರುವಿಗೆ ಸ್ವಂತ ದುಡ್ಡು ಕೈಯಲ್ಲಿರಲಿ.