ತೋಟದಲ್ಲಿ ಕಾಡುಕೋಳಿ, ಚಿಟ್ಟುಕೋಳಿಗೆ ಹೊಂಚು ಹಾಕೋದು ಹೇಗೆ, ಕ್ಯಾಮೆರಾ ಹಿಡ್ಕೊಂಡು

ನನ್ ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ, ಏಪ್ರಿಲ್ ಬಂತಂದ್ರೆ ಸಾಕು ಕಾಡು ಟರ್ಕಿ ಕೋಳಿ ಬೇಟೆ ವೀಡಿಯೋ ಕಳಿಸ್ತಾನೇ ಇರ್ತಾನೆ. ಅಲ್ಲಿ ಲೈಸೆನ್ಸ್ ತಗೊಂಡು ಸೀಸನ್ನಲ್ಲಿ ಹೊಡಿಬಹುದು. ಈಸ್ಟರ್ನ್, ಓಸಿಯೋಲಾ, ರಿಯೋ ಗ್ರಾಂಡೆ, ಮೆರಿಯಮ್ಸ್ ಅಂತ ಟರ್ಕಿಯ ಈ ನಾಲ್ಕು ಬಗೆನೂ ಹೊಡೆದವನಿಗೆ ಗ್ರ್ಯಾಂಡ್ ಸ್ಲ್ಯಾಮ್ ಆಯ್ತು ಅಂತಾರಂತೆ, ಅದ್ರಲ್ಲಿ ಓಸಿಯೋಲಾ ಬೇಕಂದ್ರೆ ಫ್ಲೋರಿಡಾಗೇ ಹೋಗ್ಬೇಕು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕಾಡುಕೋಳಿ ಹೊಡೆದ್ರೆ ಕೇಸು, ತಾತನ ಕಾಲದ ಕೋವಿ ಕಥೆ ಎಲ್ಲಾ ತಾತನ ಜೊತೆಗೇ ಹೋಯ್ತು. ಆದ್ರೆ ಅವ್ನು ಹೇಳೋ ಉಪಾಯ ಇದ್ಯಲ್ಲ, ಹಿಂದಿನ ಸಂಜೆನೇ ಹಕ್ಕಿ ಯಾವ ಮರಕ್ಕೆ ಹತ್ತಿ ಮಲಗುತ್ತೆ ನೋಡ್ಕೊ, ಬೆಳಕು ಹರಿಯೋಕ್ ಮುಂಚೆ ಹೋಗಿ ಭುಜಕ್ಕಿಂತ ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂತ್ಕೊ, ಆಮೇಲೆ ಅಲ್ಲಾಡ್ಬೇಡ, ಇದು ಮೂಡಿಗೆರೆ ಸಕಲೇಶಪುರದ ಕಾಫಿ ತೋಟದಲ್ಲೂ ಹಂಗೇ ನಡೆಯುತ್ತೆ. ಹುಡ್ಕೊಂಡು ಓಡಾಡೋರಿಗೆ ಬರೀ ರೆಕ್ಕೆ ಸದ್ದು ಸಿಗುತ್ತೆ, ಅಷ್ಟೇ.

ಮೊದ್ಲು ಕಾಡುಕೋಳಿ. ನಮ್ ಕಡೆ ಇರೋದು ಬೂದು ಕಾಡುಕೋಳಿ, ಇಂಗ್ಲಿಷಲ್ಲಿ ಗ್ರೇ ಜಂಗಲ್‌ಫೌಲ್, ಭಾರತ ಬಿಟ್ರೆ ಬೇರೆ ದೇಶದ ಕಾಡಲ್ಲಿಲ್ಲ. ಮನೆ ಕೋಳಿಯ ಮೂಲ ಕೆಂಪು ಕಾಡುಕೋಳಿ, ಆದ್ರೆ ಮನೆ ಕೋಳಿಯ ಹಳದಿ ಚರ್ಮ ಹಳದಿ ಕಾಲು ಬಂದಿದ್ದು ಈ ನಮ್ ಬೂದು ಕೋಳಿ ಕಡೆಯಿಂದ ಅಂತ 2008ರಲ್ಲಿ ಗೊತ್ತಾಯ್ತು. ಕೂಗು ಮಾತ್ರ ಬೇರೇನೇ, ಊರ ಹುಂಜದ ತರ ಉದ್ದ ಎಳೆಯಲ್ಲ, ಕುಕ್ ಕಾಯಾ ಕಾಯಾ ಕುಕ್ ಅಂತ ತುಂಡು ತುಂಡಾಗಿ ಒದರಿ ನಿಲ್ಲಿಸ್ಬಿಡುತ್ತೆ. ಫೆಬ್ರವರಿಯಿಂದ ಮೇ ತನಕ ಜೋರು. ಜೂನ್ ಆದ್ಮೇಲೆ ಹುಂಜ ಕತ್ತಿನ ಗರಿ ಉದುರಿಸ್ಕೊಂಡು ಮಂಕಾಗುತ್ತೆ, ಆಗ ಮಳೇಲಿ ಇಂಬಳ ಕಚ್ಚಿಸ್ಕೊಂಡು ಕೂರೋದು ದಂಡ.

ಜಾಗ ಅಂದ್ರೆ ತೋಟ ಮುಗ್ದು ಕಾಡು ಶುರುವಾಗೋ ಅಂಚು, ಲಂಟಾನ ಪೊದೆ ಪಕ್ಕ, ಕುಯ್ಲಾದ ಗದ್ದೆ ಬದು, ಸಗಣಿ ಬಿದ್ದಿರೋ ದಾರಿ. ಬಿದಿರು ಅಕ್ಕಿ ಬಿಟ್ಟ ವರ್ಷ ಆದ್ರೆ ಬಿದಿರು ಮೆಳೆ ಬಿಟ್ಟು ಬೇರೆಲ್ಲೂ ಹೋಗ್ಬೇಡಿ. ಕಣ್ಣಿಗಿಂತ ಮುಂಚೆ ಕಿವಿಗೆ ಸಿಗುತ್ತೆ, ಒಣಗಿದ ಎಲೆ ಮೇಲೆ ಚರಕ್ ಚರಕ್ ಅಂತ ಎರಡು ಸಲ ಕೆದಕುತ್ತೆ, ಒಂದ್ ಹೆಜ್ಜೆ ಹಿಂದೆ ಇಟ್ಟು ಕತ್ತು ಓರೆ ಮಾಡಿ ನೆಲ ನೋಡುತ್ತೆ, ಆಮೇಲೆ ತಲೆ ಎತ್ತಿ ಸುತ್ತಲೂ ನೋಡುತ್ತೆ. ತಲೆ ಎತ್ತಿದಾಗ ನೀವು ಕಲ್ಲು, ಕೆದಕೋವಾಗ ಕ್ಯಾಮೆರಾ ಎತ್ತಿ. ಮರದ ಸಂದಿಂದ ಬಿಸಿಲು ಕತ್ತಿಗೆ ಬಿದ್ರೆ ಗರಿ ತುದಿಯ ಹಳದಿ ಚುಕ್ಕಿ ಮೇಣ ಮೆತ್ತಿದಂಗೆ ಹೊಳಿಯುತ್ತೆ, ಫೋಟೋ ತೆಗೆಯೋ ಟೈಮ್ ಅದು. ನೆರಳಲ್ಲಿ ನಾನು ಐಎಸ್ಒ, ಅಂದ್ರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200 ಇಟ್ಕೊತೀನಿ, ಫೋಟೋದಲ್ಲಿ ಕಾಳು ಕಾಳು ಬಂದ್ರೆ ಬರ್ಲಿ. ಮೊಬೈಲ್ ಸೈಲೆಂಟ್ ಮಾಡಿ ಮಾರಾಯ್ರೆ, ಹೋದ್ ವರ್ಷ ಹುಂಜ ಹದಿನೈದ್ ಅಡಿ ದೂರದಲ್ಲಿದ್ದಾಗ ಫ್ಯಾಮಿಲಿ ಗ್ರೂಪಿಂದ ಗುಡ್ ಮಾರ್ನಿಂಗ್ ಬಂತು.

ಚಿಟ್ಟುಕೋಳಿ, ಅಂದ್ರೆ ರೆಡ್ ಸ್ಪರ್‌ಫೌಲ್, ನಿಜವಾಗ್ಲೂ ಸತಾಯಿಸುತ್ತೆ. ಸಾಮಾನ್ಯವಾಗಿ ಜೋಡಿಯಾಗಿರುತ್ತೆ, ಹಾರೋಕಿಂತ ಓಡೋದೇ ಜಾಸ್ತಿ, ಕಾಫಿ ಗಿಡದ ಬುಡದಲ್ಲಿ ಇಲಿ ತರ ನುಗ್ಗಿ ಹೋಗುತ್ತೆ. ಕಣ್ ಸುತ್ತ ಕೆಂಪು, ಕಾಲು ಕೆಂಪು. ನಿಂತಲ್ಲೇ ನಿಂತು ಅದು ದಾಟೋ ಕಾಲುದಾರಿ ಮೇಲೆ ಮುಂಚೇನೇ ಫೋಕಸ್ ಇಟ್ಟು ಕಾಯ್ಬೇಕು. ನನ್ ಹತ್ರ ಇರೋ ಹನ್ನೊಂದು ಫೋಟೋದಲ್ಲಿ ಒಂಬತ್ತು ಬರೀ ಬಾಲ.

ನವಿಲಿಗೆ ಜಾಸ್ತಿ ಹೇಳೋದೇನಿಲ್ಲ, ಅರಸೀಕೆರೆ ಕಡೆ ಹೋದ್ರೆ ಹೊಲದಲ್ಲೇ ಸಿಗುತ್ತೆ, ಮಳೆಗಾಲ ಮುಗಿಯೋ ಹೊತ್ತಿಗೆ ಗರಿ ಉದುರಿಸ್ಕೊಂಡಿರುತ್ತೆ ಅಷ್ಟರೊಳಗೆ ಹೋಗಿ. ನಾಲ್ಕನೇದು ಗೌಜಲಹಕ್ಕಿ, ಇಂಗ್ಲಿಷಲ್ಲಿ ಗ್ರೇ ಫ್ರಾಂಕೋಲಿನ್, ಇದು ಮಲೆನಾಡಿನ ಗಿರಾಕಿ ಅಲ್ಲ, ಕಡೂರಿನ ಒಣ ಕುರುಚಲಿಗೆ ಇಳಿಬೇಕು. ಬಾಸೂರು ಅಮೃತಮಹಲ್ ಕಾವಲ್ ಅನ್ನೋ ಹುಲ್ಲುಗಾವಲಿನ ಸುತ್ತಮುತ್ತ ಬೆಳಗ್ಗೆ ರಸ್ತೆ ಬದಿ ಕಾರ್ ನಿಲ್ಸಿ ಕಿಟಕಿ ಇಳಿಸಿದ್ರೆ ಪಟೀಲಾ ಪಟೀಲಾ ಅಂತ ಯಾರೋ ಕರೆದಂಗೆ ಕೇಳುತ್ತೆ. ಕಾರಿಂದ ಇಳಿಬೇಡಿ, ಕಾರಿಗೆ ಹೆದರಲ್ಲ, ಇಳಿದ ಮನುಷ್ಯಂಗೆ ಹೆದರುತ್ತೆ. ಈ ನಾಲ್ಕೂ ಆದ್ರೆ ನಮ್ ಗ್ರ್ಯಾಂಡ್ ಸ್ಲ್ಯಾಮ್.

ಅಮೆರಿಕದವ್ರು ಹೆಣ್ಣು ಟರ್ಕಿ ದನಿ ಬರೋ ಮರದ ಡಬ್ಬಿ ಉಜ್ಜಿ ಗಂಡನ್ನ ಕರೀತಾರೆ, ನಮ್ಮಲ್ಲಿ ಕೆಲವ್ರು ಮೊಬೈಲಲ್ಲಿ ಕೂಗು ಹಾಕ್ತಾರೆ. ಮರಿ ಮಾಡೋ ಕಾಲದಲ್ಲಿ ಅದು ಬೇಡ, ಬೇರೆ ಹುಂಜ ಬಂತು ಅಂತ ಇದು ಮೇವು ಬಿಟ್ಟು ಜಗಳಕ್ಕೆ ಹುಡುಕ್ತಾ ಸುಸ್ತಾಗುತ್ತೆ. ನಾಯಿನೂ ಕರ್ಕೊಂಡ್ ಹೋಗ್ಬೇಡಿ, ಗೂಡು ನೆಲದ ಮೇಲೇ ಇರುತ್ತೆ.

ಇಂಬಳ ಹತ್ತದಂಗೆ ಕಾಲಿಗೆ ಹೊಗೆಸೊಪ್ಪು ಸುಣ್ಣ ತಿಕ್ಕೊಂಡು ಹೊರಡಿ. ಆಲೂರು, ಸಕಲೇಶಪುರ, ಬೇಲೂರು ಕಡೆಯವ್ರು ಮಾತ್ರ ಹೊರಡೋಕ್ ಮುಂಚೆ ಊರಿನ ವಾಟ್ಸಾಪ್ ಗ್ರೂಪಲ್ಲಿ ಆನೆ ಎಲ್ಲಿದೆ ಅಂತ ನೋಡಿ, ಪಕ್ಕದ ತೋಟದಲ್ಲಿದೆ ಅಂದ್ರೆ ಅವತ್ತು ಜಗಲಿ ಮೇಲೇ ಕಾಫಿ ಕುಡೀರಿ, ಕೂಗು ಅಲ್ಲಿಗೂ ಕೇಳುತ್ತೆ.