ಟರ್ಕಿ ಬೇಟೆಗೆ ಟ್ರಂಪೆಟ್ ಕಾಲ್ ಆರಿಸಿದ ಬಗೆ: ನನ್ನ ಅನುಭವ

ಅಮೆರಿಕದ ವರ್ಜೀನಿಯಾದಲ್ಲಿ ನೆಲೆಸಿರುವ ನಾನು ವಸಂತಕಾಲದ ಕಾಡು ಟರ್ಕಿ ಕೋಳಿಗಳ ಬೇಟೆಗೆ ಟ್ರಂಪೆಟ್ ಕಾಲ್, ಅಂದರೆ ಹೇಟೆಯ ಕೂಗನ್ನು ಅನುಕರಿಸಿ ಹುಂಜವನ್ನು ಕರೆಯುವ ಮರದ ಕೊಳವೆಯನ್ನು ಕೊಳ್ಳಲು ಹೊರಟಾಗ, ಮರದ ಹೊಳಪಿಗಿಂತ ಮೊದಲು ಬಾಯಿಗಿಡುವ ತುದಿಯಾದ ಮೌತ್‌ಪೀಸನ್ನು ಪರೀಕ್ಷಿಸಿದೆ. ಈ ಸಾಧನವನ್ನು ಊದುವುದಿಲ್ಲ, ಹೀರಬೇಕು. ಅದರ ತುದಿಯನ್ನು ತುಟಿಗಳ ನಡುವೆ ಹಿಡಿದು, ಮುತ್ತಿಡುವಾಗ ಆಗುವ ಸದ್ದಿನಂತೆ ಗಾಳಿಯನ್ನು ತಟ್ಟನೆ ಒಳಗೆಳೆದರೆ ತುಟಿಯೇ ಕಂಪಿಸಿ ಹೇಟೆಯ ಕೂಗು ಹುಟ್ಟುತ್ತದೆ. ಆದ್ದರಿಂದ ಒಬ್ಬರಿಗೆ ಒಲಿದ ಕಾಲ್ ಇನ್ನೊಬ್ಬರಿಗೆ ಒಲಿಯುತ್ತದೆ ಎನ್ನಲಾಗದು.

ಟರ್ಕಿಯ ರೆಕ್ಕೆಯ ಟೊಳ್ಳು ಮೂಳೆಗಳನ್ನು ಒಂದರೊಳಗೊಂದು ಕೂರಿಸಿ ಮಾಡುತ್ತಿದ್ದ ಹಳೆಯ ಕಾಲ್‌ನ ವಂಶದ್ದೇ ಇದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಹೆಸರಾದ, ಹೀರಿ ನುಡಿಸುವ ಜೋರ್ಡನ್ ಮತ್ತು ಟರ್ಪಿನ್ ಯೆಲ್ಪರ್‌ ಎಂಬ ಕಾಲ್‌ಗಳ ದಾರಿಯಲ್ಲಿಯೇ ಇಂದಿನ ಕುಶಲಕರ್ಮಿಗಳು ಲೇತ್‌ನಲ್ಲಿ ಮರವನ್ನು ಕಡೆದು ಟ್ರಂಪೆಟ್‌ಗಳನ್ನು ತಯಾರಿಸುತ್ತಾರೆ.

ಮೂಳೆ, ಹಿತ್ತಾಳೆ ಮತ್ತು ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಮೌತ್‌ಪೀಸ್‌ಗಳನ್ನು ನಾನು ಹೋಲಿಸಿ ನೋಡಿದೆ. ಏಪ್ರಿಲ್‌ನ ನಸುಕಿನ ಚಳಿಯಲ್ಲಿ ಹಿತ್ತಾಳೆ ತುಟಿಗೆ ತಣ್ಣಗೆ ತಾಗಿ ಹಿಡಿತವನ್ನು ಕೆಡಿಸುತ್ತಿತ್ತು. ಡೆಲ್ರಿನ್ ಹಾಗೆ ಮಾಡಲಿಲ್ಲ, ಒರೆಸಲೂ ಸುಲಭವಾಗಿತ್ತು. ತುಟಿಗೆ ಆನಿಕೊಳ್ಳುವ ಬಿಲ್ಲೆಯನ್ನು ಹಿಂದೆ ಮುಂದೆ ಸರಿಸುವಂತಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ತುದಿಯು ತುಟಿಯೊಳಗೆ ಎಷ್ಟು ಹೋಗಬೇಕೆಂಬುದು ಕೂದಲೆಳೆಯಷ್ಟು ಬದಲಾದರೂ ಸ್ವರ ಬದಲಾಗುತ್ತದೆ. ಆಫ್ರಿಕನ್ ಬ್ಲ್ಯಾಕ್‌ವುಡ್‌ನಂಥ ಗಟ್ಟಿ ಮರಗಳನ್ನು ಬಹಳ ಮಂದಿ ಹೊಗಳುತ್ತಾರಾದರೂ, ಒಳರಂಧ್ರದ ಅಳತೆ ಮತ್ತು ಕೊಳವೆಯ ಉದ್ದ ನನ್ನ ಕಿವಿಗೆ ಅದಕ್ಕಿಂತ ಮುಖ್ಯವೆನಿಸಿದವು.

ಜೋರಾದ ಯೆಲ್ಪ್, ಅಂದರೆ ಹೇಟೆಯ ಸಾಮಾನ್ಯ ಕೂಗು, ಬಹುತೇಕ ಎಲ್ಲ ಕಾಲ್‌ಗಳಲ್ಲಿಯೂ ಬರುತ್ತದೆ. ಆರಿಸುವವರು ಕೇಳಬೇಕಾದದ್ದು ಕ್ಲಕ್ ಎಂಬ ಮೆಲ್ಲನೆಯ ಚುಟುಕು ಕೂಗು. ಗಾಳಿಯ ಎಳೆತವನ್ನು ತೀರಾ ಕಡಿಮೆ ಮಾಡಿದಾಗಲೂ ಸ್ವರ ಚುಟುಕಾಗಿ, ಸಿಳ್ಳೆಯಿಲ್ಲದೆ ಮೂಡಬೇಕು. ಬಳಿಕ ಯೆಲ್ಪ್‌ನಲ್ಲಿ ತಾರಸ್ವರ ಒಡೆದು ಒರಟು ಸ್ವರಕ್ಕೆ ಇಳಿಯುವುದನ್ನು ಗಮನಿಸಿದೆ. ನುಡಿಸುವವರ ಕಿವಿಗೆ ಕೇಳುವುದೇ ದೂರಕ್ಕೆ ಕೇಳುವುದಿಲ್ಲವಾದ್ದರಿಂದ, ಗೆಳೆಯರೊಬ್ಬರನ್ನು ಮರಗಳ ಆಚೆ ನೂರು ಗಜದಷ್ಟು ದೂರ ನಿಲ್ಲಿಸಿ, ಅಂಗೈಗಳನ್ನು ಬೊಗಸೆಯಂತೆ ಮುಚ್ಚಿ ತೆರೆಯುತ್ತಾ ನುಡಿಸಿ, ಅವರು ಮೆಚ್ಚಿದ್ದನ್ನೇ ಕೊಂಡೆ.

ಸೀಮೆಸುಣ್ಣ ಹಚ್ಚಿದ ಮುಚ್ಚಳವನ್ನು ಮರದ ಪೆಟ್ಟಿಗೆಗೆ ಉಜ್ಜಿ ನುಡಿಸುವ ಬಾಕ್ಸ್ ಕಾಲ್, ಮಳೆಯಲ್ಲಿ ಸುಣ್ಣ ಒದ್ದೆಯಾಗಿ ಮೂಕವಾದಾಗ ಟ್ರಂಪೆಟ್ ಕೈಕೊಡುವುದಿಲ್ಲ. ಒಳಗೆ ಎಂಜಲಿನ ಹನಿ ನಿಂತರೆ ಮಾತ್ರ ಸ್ವರ ಕೆಡುವುದರಿಂದ ಆಗಾಗ ಕೊಡವಬೇಕು. ಆದರೆ ಇದಕ್ಕೆ ಕೈಗಳ ಚಲನೆ ಬೇಕು, ಟರ್ಕಿಯ ಕಣ್ಣಂತೂ ಬಹಳ ಚುರುಕು. ಹೀಗಾಗಿ ದೂರದ ಹುಂಜವನ್ನು ಕರೆಯಲಷ್ಟೇ ಇದನ್ನು ಬಳಸಿ, ಅದು ಸಮೀಪಿಸುತ್ತಿದ್ದಂತೆ ಕೊರಳ ದಾರಕ್ಕೆ ಬಿಟ್ಟು, ಬಂದೂಕು ಹಿಡಿದು ಕೈ ಬಳಸದೆ ಬಾಯೊಳಗೇ ಇಟ್ಟು ನುಡಿಸುವ ಡಯಾಫ್ರಮ್ ಕಾಲ್‌ಗೆ ಹೊರಳುತ್ತೇನೆ. ಹೇಟೆಯ ಕೂಗನ್ನು ಅರಸಿ ಬೇರೆ ಬೇಟೆಗಾರರೂ ಬರಬಹುದಾದ್ದರಿಂದ, ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂತ ಮೇಲೆಯೇ ಮೊದಲ ಯೆಲ್ಪ್ ಎಳೆಯುತ್ತೇನೆ.